ಇಡ್ಲಿಯ ಗೋತ್ರ

ದರ್ಶಿನಿಯಲ್ಲಿ ಟೋಕನ್ ತಗೊಳ್ಳುವುದು ನಾವು. ಸಾಲಿನಲ್ಲಿ ನಿಂತು ತಟ್ಟೆ ಎತ್ತಿಕೊಳ್ಳುವುದು, ಅಪರಿಚಿತರ ಮೊಣಕೈಗಳ ನಡುವೆ ಅಂಗೈಯಗಲ ಜಾಗ ಹುಡುಕುವುದು, ಚಟ್ನಿಗೆ ಮತ್ತೆ ಓಡುವುದು, ತಿಂದ ಮೇಲೆ ತಟ್ಟೆಯನ್ನು ಟಬ್ಬಿಗೆ ಹಾಕುವುದು, ಎಲ್ಲವೂ ನಾವೇ. ಗೋಡೆಯ ಮೇಲೆ ‘ಸೆಲ್ಫ್ ಸರ್ವಿಸ್’ ಅಂತ ದಪ್ಪಕ್ಷರದ ಬೋರ್ಡು ಬೇರೆ. ಜಿಎಸ್‌ಟಿ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ ಇಷ್ಟು ಹೊತ್ತೂ ಹೋಟೆಲಿನವರು ನಮಗೆ ಸೇವೆ ಸಲ್ಲಿಸುತ್ತಿದ್ದರು. ಶೇ 5 ತೆರಿಗೆ ಅದಕ್ಕೇ.

ಐಸ್‌ಕ್ರೀಂ ಪಾರ್ಲರಿಗೆ ಹೋಗಿ. ಹುಡುಗ ಕೈ ಮರಗಟ್ಟುವ ಹಾಗೆ ಕೆರೆದು, ಉಂಡೆ ಮಾಡಿ, ಮೇಲೊಂದು ಚೆರ್ರಿ ಇಟ್ಟು, ನಗುತ್ತಾ ಕೈಗೆ ಕೊಡುತ್ತಾನೆ. ಅದು ಸೇವೆಯಲ್ಲ! ಅಲ್ಲಿ ಅಡುಗೆ ನಡೆಯುವುದಿಲ್ಲ, ಆದ್ದರಿಂದ ಅದು ಬರೀ ಸರಕು, ಶೇ 18 ಕಟ್ಟಿ ಎಂದು 2021ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಶೇ 5ಕ್ಕೆ ಇಳಿಯಿತು. ಹುಡುಗನ ಶ್ರಮವನ್ನು ಮಾತ್ರ ಇವತ್ತಿಗೂ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಇಡ್ಲಿ ಹೀಗೆ ಸರಕು-ಸೇವೆಗಳ ನಡುವೆ ಗೋತ್ರ ಬದಲಾಯಿಸುವುದು ಹೊಸದೇನಲ್ಲ. ಹೋಟೆಲ್ ಊಟ ಮಾರಾಟವಲ್ಲ, ಸೇವೆ, ಅದರ ಮೇಲೆ ರಾಜ್ಯಗಳು ಸೇಲ್ಸ್ ಟ್ಯಾಕ್ಸ್ ಹಾಕುವ ಹಾಗಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳ ಬೊಕ್ಕಸ ಗೊಳೋ ಎಂದಿತು. 1982ರಲ್ಲಿ ಸಂವಿಧಾನಕ್ಕೇ 46ನೇ ತಿದ್ದುಪಡಿ ಬಂತು. ಕಂತಿನ ಖರೀದಿ, ಗುತ್ತಿಗೆ ಕಾಮಗಾರಿಗಳ ಪಟ್ಟಿಯಲ್ಲಿ ಊಟ-ತಿಂಡಿಯೂ ಸೇರಿಕೊಂಡು ಮಾರಾಟ ಎನಿಸಿಕೊಂಡಿತು. 2011ರಲ್ಲಿ ಕೇಂದ್ರ ಕಣ್ಣುಜ್ಜಿಕೊಂಡು ಎದ್ದು, ಮದ್ಯವೂ ಸಿಗುವ ಎ.ಸಿ. ಹೋಟೆಲಲ್ಲಿ ಸೇವೆಯೂ ಇದೆಯಲ್ಲ ಅಂತು. ಅಲ್ಲಿಂದ ಒಂದೇ ಬಿಲ್ಲಿನಲ್ಲಿ ರಾಜ್ಯದ ವ್ಯಾಟ್, ಕೇಂದ್ರದ ಸೇವಾ ತೆರಿಗೆ ಎರಡೂ. ತಿಂದವನು ಒಬ್ಬ, ಉಣ್ಣಲು ಕೂತವರು ಮೂವರು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಇದೆಲ್ಲ ಸರಳವಾಯಿತಂತೆ. ಎ.ಸಿ. ಇದ್ದರೆ ಶೇ 18, ಇಲ್ಲದಿದ್ದರೆ ಶೇ 12. ಮೇಲಿನ ಮಹಡಿಯಲ್ಲಿ ಒಂದು ಎ.ಸಿ. ಇದ್ದರೆ ಕೆಳಗೆ ಬೆವರುತ್ತಾ ತಿಂದವನಿಗೂ ಶೇ 18. ಪಾರ್ಸಲ್ ಕಟ್ಟಿಸಿಕೊಂಡು ಬಿಸಿಲಿಗೆ ಹೋದವನಿಗೂ ಅಷ್ಟೇ. ನವೆಂಬರ್‌ನಲ್ಲಿ ಬುದ್ಧಿ ಬಂದು ಹೆಚ್ಚುಕಡಿಮೆ ಎಲ್ಲರಿಗೂ ಶೇ 5 ಮಾಡಿದರು.

ಇದೆಲ್ಲ ದೊಡ್ಡವರ ಜಗಳ ಅಂತ ಮೂಲೆ ಅಂಗಡಿ ಕಾಂಡಿಮೆಂಟ್ಸಿನವರು ನೆಮ್ಮದಿಯಾಗಿದ್ದರು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ನೋಟಿಸ್ ಕಳಿಸಿತು. ಬರೀ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಸೇವೆ ಸೇರಿದರೆ ಮಿತಿ 20 ಲಕ್ಷ. ಹಾಲಿನ ಪ್ಯಾಕೆಟ್ಟಿಗೆ ತೆರಿಗೆ ಇಲ್ಲ, ಬ್ರೆಡ್ಡಿಗೂ ಇಲ್ಲ. ಅದೇ ಹಾಲಿಗೆ ಟೀಪುಡಿ ಹಾಕಿ ಗ್ಲಾಸಿಗೆ ಬಗ್ಗಿಸಿದರೆ ಅಂಗಡಿ ಸೇವಾಸಂಸ್ಥೆಯಾಗಿಬಿಡುತ್ತದೆ, ಮಿತಿ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧ ಮಿತಿಯೊಳಗೆ ತೆರಿಗೆ ಇಲ್ಲದ ಹಾಲು, ಬ್ರೆಡ್ಡಿನ ವಹಿವಾಟನ್ನೂ ಕೂಡಿಸಬೇಕು. ವಿನಾಯಿತಿ ಇದೆ, ಲೆಕ್ಕದಿಂದ ವಿನಾಯಿತಿ ಇಲ್ಲ.

ಕೂಡಲೇ ಊರ ತುಂಬ ‘ಯುಪಿಐ ಇಲ್ಲ, ಕ್ಯಾಷ್ ಮಾತ್ರ’ ಬೋರ್ಡು. ಡಿಜಿಟಲ್ ರಾಜಧಾನಿಯಲ್ಲಿ ಚಿಲ್ಲರೆಗೆ ಹಾಹಾಕಾರ. ಬಂದ್ ಅಂದರು. ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಮಾತಾಡಿದರು. ಬಂದ್ ನಿಂತಿತು. ಕಾನೂನು ಇದ್ದಲ್ಲೇ ಇದೆ.

ಇಂಥ ಕಡೆ ದಾರಿ ತೋರಿಸುವವರು ಆಡಿಟರುಗಳು. ‘ಅಣ್ಣಾ, ಬ್ರೆಡ್ಡು ನಿಮ್ಮ ಪ್ಯಾನ್ ಕಾರ್ಡಿನಲ್ಲಿರಲಿ, ಟೀ ಅಕ್ಕನ ಹೆಸರಲ್ಲಿರಲಿ.’ ಹಾಗಾಗಿ ಗಲ್ಲಾ ಪೆಟ್ಟಿಗೆ ಒಂದೇ, ಸ್ಕ್ಯಾನರ್ ಎರಡು. ಬ್ರೆಡ್ಡಿಗೆ ಯಜಮಾನರದ್ದು, ಟೀಗೆ ಅಮ್ಮಾವ್ರದ್ದು. ಅದ್ದಿಕೊಂಡು ತಿನ್ನುವ ಅಭ್ಯಾಸ ಇರುವವರು ಮೊದಲು ಆಡಿಟರ್‌ನ ಕೇಳಿಕೊಂಡು ಬರತಕ್ಕದ್ದು.