ಬೆನ್ನಿಗೆ ಬಿದ್ದ ಮಹಾನುಭಾವ

ಭಾನುವಾರ ಬೆಳಗಿನ ಜಾವ ಮೂರೂವರೆಗೆ ಅಲಾರಾಂ. ಮನೆಯವರ ಗೊಣಗಾಟ ಕೇಳಿಸಿಕೊಂಡು, ಎರಡು ಬಾಳೆಹಣ್ಣು ನುಂಗಿ, ಸೈಕಲ್ಲನ್ನು ಕಾರಿಗೇರಿಸಿ ದೇವನಹಳ್ಳಿಯಾಚೆ ರೋಡ್ ರೇಸಿಗೆ ಹೋದರೆ ಆಗುವುದೇನು? ಹತ್ತನೇ ನಿಮಿಷಕ್ಕೆ ಬಂಚ್, ಅಂದರೆ ಸವಾರರ ಗುಂಪು, ಕೈಬಿಟ್ಟು ಹೋಗುತ್ತದೆ. ಉಳಿದ ಐವತ್ತು ಕಿಲೋಮೀಟರಿಗೆ ಜೊತೆಯಾಗುವುದು ಎದುರುಗಾಳಿ, ಒಂದು ಹಾಲಿನ ಟೆಂಪೊ, ಮತ್ತು ‘ಏನ್ ಸಾರ್, ಅವ್ರೆಲ್ಲ ಆಗ್ಲೇ ಹೋದ್ರಲ್ಲ’ ಎಂದು ಮರುಗುವ ಟೀ ಅಂಗಡಿಯವರು.

ತಪ್ಪು ಕಾಲಿನದಷ್ಟೇ ಅಲ್ಲ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 35–40 ಕಿ.ಮೀ. ಹೋಗುವಾಗ ತುಳಿದದ್ದರಲ್ಲಿ ಬಹುಪಾಲನ್ನು ಗಾಳಿಯೇ ತಿನ್ನುತ್ತದೆ. ಮುಂದಿನವರ ಚಕ್ರಕ್ಕೆ ಮೊಳದೊಳಗೆ ಅಂಟಿಕೊಂಡರೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿತಾಯ. ಹತ್ತು ಮೀಟರ್ ಹಿಂದೆ ಬಿದ್ದಿರೋ, ಸಬ್ಸಿಡಿ ಬಹುಪಾಲು ರದ್ದು.

ಈ ಸಬ್ಸಿಡಿಯನ್ನೇ ನಂಬಿ ಬದುಕುವ ಒಬ್ಬ ಮಹಾನುಭಾವ ಪ್ರತಿ ಬಂಚಿನಲ್ಲೂ ಇರುತ್ತಾನೆ. ಶುರುವಿನಲ್ಲೇ ‘ಮಂಡಿ ನೋವು ಗುರೂ, ಇವತ್ತು ಸುಮ್ನೆ ಬಂದೆ’ ಎಂದು ಜಾಮೀನು ತೆಗೆದುಕೊಂಡಿರುತ್ತಾನೆ. ಮುಂದಿರುವವರು ಮೊಣಕೈ ಆಡಿಸಿ ‘ಬಾರಪ್ಪ ಮುಂದೆ, ಗಾಳಿ ಸೀಳೋದು ನಿನ್ನ ಸರದಿ’ ಅಂದರೆ, ಆ ಕ್ಷಣಕ್ಕೇ ಅವನಿಗೆ ಬಾಯಾರುತ್ತದೆ. ಬಾಟಲಿ ತೆಗೆಯುತ್ತಾನೆ. ಇನ್ನೊಮ್ಮೆ ಕರೆದರೆ ಶೂ ಬಿಗಿ ಮಾಡುತ್ತಾನೆ. ಮೂರನೇ ಸಲ ಪಕ್ಕದ ದ್ರಾಕ್ಷಿ ತೋಟವನ್ನು, ಕೊಳ್ಳಲು ಬಂದವನ ಹಾಗೆ ನೋಡುತ್ತಾನೆ. ಕೊನೆಯ 200 ಮೀಟರ್ ಬಂತೋ, ಮಂಡಿ ನೋವು ಮಂಗಮಾಯ! ಪೆಡಲ್ ಮೇಲೆದ್ದು ನಿಂತು ಎಲ್ಲರನ್ನೂ ದಾಟಿ, ಗೆರೆಯಾಚೆ ಎರಡೂ ಕೈ ಎತ್ತುತ್ತಾನೆ. ಒಲೆ ಮುಂದೆ ಬೆಂದವರು ಒಬ್ಬರು, ಮೊದಲ ಪಂಕ್ತಿಯಲ್ಲಿ ಹೋಳಿಗೆ ಹೊಡೆದವನು ಇನ್ನೊಬ್ಬ. ಆಮೇಲೆ ಇಡ್ಲಿ ತಟ್ಟೆ ಹಿಡಿದು ಹತ್ತಿರ ಬಂದು, ‘ಚೆನ್ನಾಗಿ ಎಳೆದ್ರಿ ಸಾರ್’ ಅನ್ನುತ್ತಾನೆ. ನಿಯಮದ ಪ್ರಕಾರ ಅವನದು ತಪ್ಪೇ ಅಲ್ಲ. ಉರಿಯುವುದೇ ಅದಕ್ಕೆ.

ಎಂಟಿಬಿ (ಮೌಂಟನ್ ಬೈಕ್, ಕಾಡುಮೇಡಿನ ಸೈಕಲ್) ರೇಸಿನಲ್ಲಿ ಈ ಆಟ ನಡೆಯದು. ಕಾಡುದಾರಿಯಲ್ಲಿ ವೇಗವೇ 12–15 ಕಿ.ಮೀ.; ಗಾಳಿಯ ಲೆಕ್ಕ ಯಾರಿಗೆ ಬೇಕು? ಹಿಂದೆ ಅಂಟಿಕೊಂಡವನಿಗೆ ಕಾಣುವುದು ನಮ್ಮ ಟೈರ್ ಮಾತ್ರ. ಕಲ್ಲು ಕಾಣುವಷ್ಟರಲ್ಲಿ ಅವನು ಲಂಟಾನ ಪೊದೆಯೊಳಗೆ. ರೋಡಿನಲ್ಲಿ ಒಬ್ಬ ಬ್ರೇಕ್ ಒತ್ತಿದರೆ ಹತ್ತು ಜನರ ಚರ್ಮ ಡಾಂಬರಿಗೆ ಹೋಗುತ್ತದೆ. ಇಲ್ಲಿ ಬಿದ್ದರೆ ಸಾಮಾನ್ಯವಾಗಿ ಒಬ್ಬರೇ. (ಹೆಗಲ ಮೂಳೆ ಇಲ್ಲೂ ಮುರಿಯುತ್ತದೆ, ಭ್ರಮೆ ಬೇಡ.) ಕೊನೆಯವರಾದರೂ ನಾಚಿಕೆಯಿಲ್ಲ. ಕೊರಕಲು ಏರಿನಲ್ಲಿ ಸೈಕಲ್ ತಳ್ಳುತ್ತಿರುವ ಇನ್ನಿಬ್ಬರು ಸಿಕ್ಕೇ ಸಿಗುತ್ತಾರೆ.

ಹಾಗಂತ ಸ್ವರ್ಗವೇನಲ್ಲ. 70 ಕೆ.ಜಿ. ಆಸಾಮಿಗೆ 2.3 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ 20–25 ಪಿಎಸ್‌ಐ ಗಾಳಿಯ ಒತ್ತಡ ಸಾಕು. ರೋಡ್ ಸೈಕಲ್ಲಿನ ಅಭ್ಯಾಸಬಲದಲ್ಲಿ 40 ಹೊಡೆದರೆ ಟೈರ್ ಕಲ್ಲಿನ ಮೇಲೆ ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತದೆ, ತಿರುವಿನಲ್ಲಿ ಜಾರುತ್ತದೆ. ತೀರಾ ಇಳಿಸಿದರೆ ರಿಮ್ಮೇ ಕಲ್ಲಿಗೆ ಬಡಿಯುತ್ತದೆ. 29 ಇಂಚಿನ ಚಕ್ರಕ್ಕೆ ತೂತು ಮುಚ್ಚುವ ದ್ರವ, ಸೀಲೆಂಟ್, 100 ಎಂ.ಎಲ್. ಹಾಕಿ ಮರೆತರೆ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ, ತವಾಕ್ಕೆ ಅಂಟಿದ ದೋಸೆಯಂತೆ ಕೂತಿರುತ್ತದೆ. ಅದು ಗೊತ್ತಾಗುವುದು ಜಾಲಿ ಮುಳ್ಳು ಚುಚ್ಚಿದ ಮೇಲೆ.

ಇನ್ನೊಂದು ಕಂಟಕ ಡಿರೇಲರ್ ಹ್ಯಾಂಗರ್: ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರನ್ನು ಫ್ರೇಮಿಗೆ ತಗುಲಿಸುವ ಕೊಂಡಿ. ಫ್ರೇಮ್ ಉಳಿಯಲಿ ಅಂತಲೇ ಬಾಗಲು, ಮುರಿಯಲು ಮಾಡಿದ ಮೆತ್ತನೆ ಅಲ್ಯೂಮಿನಿಯಂ ತುಂಡು. ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವ ಖಾತ್ರಿಯಿಲ್ಲ, ಪಕ್ಕದವರನ್ನು ನಂಬಿಕೊಂಡು ಪ್ರಯೋಜನವಿಲ್ಲ. ನಿಮ್ಮದೇ ಒಂದನ್ನು ಸೀಟಿನ ಕೆಳಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ಮಳೆ ಬಿದ್ದ ಮರುದಿನ ಕೆಂಪು ಜೇಡಿ ಮೆತ್ತಿ ಚೈನ್ ಸಿಕ್ಕಿಕೊಂಡರೆ ಪೌರುಷ ತೋರಿಸಬೇಡಿ. ಒತ್ತಿ ತುಳಿದರೆ ಹ್ಯಾಂಗರ್ ಮುರಿದು ಡಿರೇಲರ್ ನೇರ ಚಕ್ರದ ಕಡ್ಡಿಗಳೊಳಗೆ. ಇಳಿದು ಮರದ ಕಡ್ಡಿಯಿಂದ ಜೇಡಿ ಕೆರೆಯಿರಿ.

ದಾರಿ ಉಳಿದಿದ್ದರೆ ತಾನೇ ಇವೆಲ್ಲ? ಹೋದ ಮಳೆಗಾಲದಲ್ಲಿ ರಾಗಿ ಹೊಲದ ಬದುವಿನ ಮೇಲೆ, ಇಬ್ಬನಿ ಕಾಲಿಗೆ ತಾಗುತ್ತಿದ್ದ ದಾರಿಗೆ ಈಗ 30x40 ಸೈಟಿನ ಕಲ್ಲು ನೆಟ್ಟಿದ್ದಾರೆ. ನವಿಲು ಕೂಗುತ್ತಿದ್ದ ಕಡೆ ಬ್ಯಾಂಕ್ ಸಾಲದ ಬೋರ್ಡು.

ಅಷ್ಟರಲ್ಲಿ ನಮ್ಮ ಮಹಾನುಭಾವನೂ ಎಂಟಿಬಿ ಕೊಂಡಿದ್ದಾನಂತೆ. ‘ಟೈರಿಗೆ ಎಷ್ಟು ಹೊಡೀಲಿ ಗುರೂ?’ ಎಂದು ಕೇಳುತ್ತಿದ್ದಾನೆ. ನಲವತ್ತು ಅಂದರೆ ಪಾಪ ಬರುತ್ತದೆಯೇ?