ಆರೋನನ ಮಕ್ಕಳನ್ನು ದಹಿಸಿದ ಬೆಂಕಿ ಯಾರಿಗೆ ಎಚ್ಚರಿಕೆ?

ದೇವರು ಹೇಳದ ಬೆಂಕಿಯನ್ನು ಅವರ ಸನ್ನಿಧಿಗೆ ಒಯ್ದು ಸತ್ತ ನಾದಾಬ್ ಮತ್ತು ಅಬೀಹೂ ಅವರ ಬೈಬಲ್ ಕಥೆಯನ್ನು ಆರಾಧನೆಗೆ ಬಂದ ಸಾಮಾನ್ಯ ಜನರನ್ನು ಹೆದರಿಸಲು ಬಳಸುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಲೆಯ ಮೇಲೆ ಸೆರಗಿಲ್ಲದ ಹುಡುಗಿಗೆ, ಚಪ್ಪಾಳೆ ತಟ್ಟಿ ಹಾಡುವ ಯುವಕರಿಗೆ "ಅನ್ಯ ಬೆಂಕಿ ತರಬೇಡಿ" ಎಂದು ಗದರುವವರಿದ್ದಾರೆ. ಯಾಜಕಕಾಂಡದ 10ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ಆ ಎಚ್ಚರಿಕೆ ಇರುವುದು ಗದರುವವರಿಗೇ.

ಸತ್ತವರು ಯಾರು? ಮಹಾಯಾಜಕ ಆರೋನನ ಹಿರಿಯ ಮಕ್ಕಳಿಬ್ಬರು. ಮೋಶೆ, ಆರೋನ ಮತ್ತು 70 ಮಂದಿ ಹಿರಿಯರ ಜೊತೆ ಸೀನಾಯಿ ಬೆಟ್ಟ ಹತ್ತಿ, ಇಸ್ರಾಯೇಲ್ಯರ ದೇವರನ್ನು ಕಂಡು, ಅಲ್ಲೇ ಉಂಡು ಕುಡಿದು, ಕೂದಲೂ ಕೊಂಕದೆ ಇಳಿದು ಬಂದವರು. ಅವರ ಯಾಜಕದೀಕ್ಷೆಯ ಏಳು ದಿನಗಳು ಮುಗಿದು ಎಂಟನೆಯ ದಿನ ಬಂತು. ಯೆಹೋವನ ಸನ್ನಿಧಿಯಿಂದ ಬೆಂಕಿ ಹೊರಟು ಯಜ್ಞವೇದಿಯ ಮೇಲಿದ್ದುದನ್ನು ದಹಿಸಿತು. ಜನರು ಹರ್ಷದಿಂದ ಕೂಗಿ ಅಡ್ಡಬಿದ್ದರು. ಮುಂದಿನ ವಚನದಲ್ಲೇ ಈ ಇಬ್ಬರು ಧೂಪಾರತಿ ಹಿಡಿದು, ದೇವರು ಅಪ್ಪಣೆ ಕೊಡದ ಬೆಂಕಿಯನ್ನು ಒಯ್ದರು. ಅದೇ ಸನ್ನಿಧಿಯಿಂದ ಹೊರಟ ಬೆಂಕಿ ಈ ಸಲ ಅವರನ್ನೇ ದಹಿಸಿತು.

ಅವರು ಕುಡಿದಿದ್ದರು ಎಂದು ಕೆಲವು ಯೆಹೂದಿ ರಬ್ಬಿಗಳು ಊಹಿಸಿದ್ದಾರೆ. ದೇವರ ಆರಾಧನೆಯ ಗುಡಾರದೊಳಗೆ ಬರುವಾಗ ಯಾಜಕರು ದ್ರಾಕ್ಷಾರಸ ಕುಡಿಯಬಾರದೆಂಬ ಆಜ್ಞೆ ಆ ಸಾವಿನ ಬೆನ್ನಲ್ಲೇ ಬರುತ್ತದೆ. ಕೆಂಡ ಯಜ್ಞವೇದಿಯಿಂದ ತೆಗೆದದ್ದಲ್ಲ ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಸಲುಗೆ. ದೇವರ ಮನೆ ತಮ್ಮ ಮನೆಯೇ ಆಗಿಹೋಯಿತು ಎಂಬ ಭಾವ. ಮೋಶೆ ಆಗ ಆರೋನನಿಗೆ ನೆನಪಿಸಿದ ದೇವರ ಮಾತಿನ ತಿರುಳೂ ಇದೇ: ನನ್ನ ಸಮೀಪಕ್ಕೆ ಬರುವವರಲ್ಲಿ ನನ್ನ ಪರಿಶುದ್ಧತೆ ಕಾಣಬೇಕು. ಸಮೀಪಕ್ಕೆ ಬರುವವರು ಎಂದರೆ ಯಾಜಕರು.

ಉಜ್ಜನ ಸಾವು ಇದಕ್ಕಿಂತ ಕಷ್ಟದ್ದು, ಒಪ್ಪುತ್ತೇನೆ. ಎತ್ತುಗಳು ಎಡವಿದಾಗ ಮಂಜೂಷವು, ಅಂದರೆ ದೇವರ ಆಜ್ಞೆಗಳ ಪವಿತ್ರ ಪೆಟ್ಟಿಗೆಯು, ಬೀಳದಿರಲೆಂದು ಕೈಚಾಚಿ ಅಲ್ಲೇ ಸತ್ತವನು ಅವನು. ಆದರೆ ಲೇವಿಯರು ಹೆಗಲ ಮೇಲೆ ಹೊರಬೇಕಾದದ್ದನ್ನು ಬಂಡಿಗೇರಿಸಿದ್ದು ದಾವೀದನ ಮೆರವಣಿಗೆ. ಮಂಜೂಷವು ವರ್ಷಗಟ್ಟಲೆ ಇದ್ದದ್ದು ಉಜ್ಜನ ತಂದೆ ಅಬೀನಾದಾಬನ ಮನೆಯಲ್ಲಿ. ಅಲ್ಲಿಯೂ ಬಳಕೆಯಿಂದ ಭಯ ಸವೆದಿತ್ತೇನೋ.

ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳಿಸದ ಭಾಗ ಅದೇ 10ನೆಯ ಅಧ್ಯಾಯದ ಕೊನೆಯಲ್ಲಿದೆ. ಶವಗಳನ್ನು ಅವರ ನಿಲುವಂಗಿಗಳ ಸಮೇತ ಪಾಳೆಯದ ಹೊರಗೆ ಒಯ್ದಿದ್ದಾರೆ. ತಂದೆಗೂ ಉಳಿದ ತಮ್ಮಂದಿರಿಗೂ ತಲೆ ಕೆದರಿಕೊಂಡು, ಬಟ್ಟೆ ಹರಿದುಕೊಂಡು ಗೋಳಾಡುವ ಅನುಮತಿಯಿಲ್ಲ. ಮೋಶೆ ದೋಷಪರಿಹಾರಕ ಯಜ್ಞದ ಹೋತವನ್ನು ಹುಡುಕುತ್ತಾನೆ. ಯಾಜಕರು ಪವಿತ್ರಸ್ಥಳದಲ್ಲಿ ಉಣ್ಣಬೇಕಾಗಿದ್ದ ಮಾಂಸವದು, ಸುಟ್ಟುಬಿಟ್ಟಿದ್ದಾರೆ. ಮೋಶೆ ಆ ತಮ್ಮಂದಿರಾದ ಎಲ್ಲಾಜಾರ್ ಮತ್ತು ಈತಾಮಾರರ ಮೇಲೆ ಸಿಟ್ಟಾಗುತ್ತಾನೆ. ಅಲ್ಲಿಯವರೆಗೆ ಮೌನವಾಗಿದ್ದ ಆರೋನ ಬಾಯಿ ತೆರೆಯುತ್ತಾನೆ: ನನಗೆ ಇಂಥದ್ದು ಸಂಭವಿಸಿದ ದಿನ ನಾನು ಅದನ್ನು ಉಂಡಿದ್ದರೆ ಯೆಹೋವನು ಮೆಚ್ಚುತ್ತಿದ್ದನೇ? ಮೋಶೆ ಒಪ್ಪಿಕೊಳ್ಳುತ್ತಾನೆ. ಅದೇ ದಿನ, ಅದೇ ಮನೆತನ, ಇನ್ನೊಂದು ವಿಧಿಯ ಉಲ್ಲಂಘನೆ. ಬೆಂಕಿ ಹೊರಡಲಿಲ್ಲ! ಈ ಮಾತು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಯೆಹೂದದ ಅರಸ ಉಜ್ಜೀಯನು ದೇವಾಲಯದಲ್ಲಿ ಯಾಜಕರ ಕೆಲಸವಾದ ಧೂಪಹಾಕುವುದನ್ನು ತಾನೇ ಮಾಡಲು ನುಗ್ಗಿದಾಗ ಯಾಜಕ ಅಜರ್ಯನೂ 80 ಮಂದಿಯೂ ತಡೆದರು. ಅವನು ಸಿಟ್ಟಾದ, ಹಣೆಯಲ್ಲಿ ಕುಷ್ಠ ಮೂಡಿತು. ಅವನ ಮರಿಮಗ ಹಿಜ್ಕೀಯನ ಕಾಲದಲ್ಲಿ ಎಫ್ರಾಯೀಮ್, ಮನಸ್ಸೆ, ಇಸ್ಸಾಕಾರ್, ಜೆಬುಲೂನ್ ಕುಲಗಳ ಬಹುಜನ ಶುದ್ಧಿಮಾಡಿಕೊಳ್ಳದೆಯೇ ಐಗುಪ್ತದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದ ಊಟ ಮಾಡಿದರು. ಬರೆದಿರುವ ನಿಯಮಕ್ಕೆ ಅದು ಸ್ಪಷ್ಟ ವಿರುದ್ಧ. ಹಿಜ್ಕೀಯ ಅವರನ್ನು ಗದರಲಿಲ್ಲ, ಅವರಿಗಾಗಿ ಬೇಡಿಕೊಂಡ. ಯೆಹೋವನು ಕೇಳಿ ಜನರನ್ನು ವಾಸಿಮಾಡಿದನು.

ದೇವಸೇವಕರಲ್ಲಿ ನನ್ನ ವಿನಂತಿ: ನಾದಾಬ್, ಅಬೀಹೂ ಅವರ ಮೇಲೆ ಪ್ರಸಂಗ ಮಾಡುವ ಭಾನುವಾರ ದಯವಿಟ್ಟು 7ನೆಯ ವಚನಕ್ಕೆ ಪುಸ್ತಕ ಮುಚ್ಚಬೇಡಿ. 20ರವರೆಗೂ ಓದಿ, ಜನರಿಗೆ ಕೇಳಿಸುವಂತೆ ಓದಿ.