ಹಗ್ಗ ನೋಡದೆ ಹಡಗಿನ ಚಿತ್ರಕ್ಕೆ ಅಂಕ ಕೊಡಬೇಡಿ

ಜರ್ಮನಿಯ ಆಲ್ಟೋನಾದಲ್ಲಿದ್ದ ಚಿತ್ರಕಾರರು ಪೀಟರ್ಸನ್ ಮತ್ತು ಹೋಲ್ಮ್ ಜೋಡಿಯ ಹಡಗಿನ ಚಿತ್ರಗಳ ಬಗ್ಗೆ ಹಳೇ ತಕರಾರೊಂದಿದೆ. ಸಮುದ್ರ ತಗಡಿನ ಹಾಗಿದೆ, ಹಡಗು ಗಾಜಿನ ಪೆಟ್ಟಿಗೆಯೊಳಗಿನ ಆಟಿಕೆಯ ಹಾಗಿದೆ, ಜೀವವಿಲ್ಲ ಅಂತ. ಸುಳ್ಳೇನಲ್ಲ. ಆದರೆ ದುಡ್ಡು ಕೊಟ್ಟವನು ಕೇಳಿದ್ದು ಸಮುದ್ರವನ್ನಲ್ಲ, ತನ್ನ ಹಡಗನ್ನು. ಜಾತಕ ಬರೆಸಲು ಬಂದವನಿಗೆ ಭಾವಗೀತೆ ಬರೆದುಕೊಟ್ಟರೆ ಒಪ್ಪುತ್ತಾನೆಯೇ?

ಜರ್ಮನರು ಇದಕ್ಕೆ ಇಟ್ಟ ಹೆಸರೇ 'ಕಪ್ತಾನನ ಚಿತ್ರ'. ಹತ್ತೊಂಬತ್ತನೇ ಶತಮಾನದ ಹಾಯಿಹಡಗುಗಳಲ್ಲಿ ಕಪ್ತಾನ ಬರೀ ಸಂಬಳದಾಳಲ್ಲ, ಎಷ್ಟೋ ಸಲ ಹಡಗಿನಲ್ಲಿ ಅವನದೂ ಒಂದು ಸಣ್ಣ ಪಾಲು ಇರುತ್ತಿತ್ತು. ಊರಿನ ಮನೆಯ ಪಡಸಾಲೆಯಲ್ಲಿ ತೂಗುಹಾಕಲು ಚಿತ್ರ ಬರೆಸುತ್ತಿದ್ದ. ಹಾಯಿ ಕಟ್ಟುವ ಅಡ್ಡಮರ ಒಂದು ಹೆಚ್ಚಾದರೂ, ಹಗ್ಗ ಒಂದು ತಪ್ಪಾದರೂ ಅವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹಾಗಾಗಿ ಹಡಗು ಪೂರ್ತಿ ಪಕ್ಕದಿಂದ ಕಾಣಬೇಕು, ಹಾಯಿಗಳೆಲ್ಲ ಬಿಚ್ಚಿರಬೇಕು, ಒಂದರ ಹಿಂದೆ ಒಂದು ಅಡಗಿರಬಾರದು. ಹಿಂಭಾಗವನ್ನೂ ತೋರಿಸಬೇಕೆನಿಸಿದರೆ ಅದೇ ಹಡಗನ್ನು ಅದೇ ಚಿತ್ರದ ಮೂಲೆಯಲ್ಲಿ ಚಿಕ್ಕದಾಗಿ ಇನ್ನೊಮ್ಮೆ ಬರೆಯುವುದೂ ಉಂಟು. ಇದನ್ನು ಗೊತ್ತಿಲ್ಲದವರು ಎರಡು ಹಡಗು ಅಂದುಕೊಳ್ಳುತ್ತಾರೆ.

ಕೆಲಸದ ಕ್ರಮವನ್ನು ಚಿತ್ರವೇ ಹೇಳುತ್ತದೆ. ಕ್ಷಿತಿಜ ತಗ್ಗಿನಲ್ಲಿ, ಕೆಳಗಿನ ಕಾಲು ಭಾಗದ ಆಸುಪಾಸಿನಲ್ಲಿ. ಹಾಗಿದ್ದರೆ ಮಾತ್ರ ಕಂಬ, ಹಾಯಿ, ಬಾವುಟ ಎಲ್ಲಕ್ಕೂ ಆಕಾಶದ ತಿಳಿ ಹಿನ್ನೆಲೆ ಸಿಗುತ್ತದೆ. ಮೊದಲು ಆಕಾಶ, ಆಮೇಲೆ ನೀರು, ಒಡಲು, ಹಾಯಿ. ಹಗ್ಗಗಳು ಬರುವುದು ಕಡೆಗೆ, ಉದ್ದ ಕೂದಲಿನ ಸಣ್ಣ ಕುಂಚದಲ್ಲಿ, ತೆಳು ಬಣ್ಣದಲ್ಲಿ, ಎಳೆದರೆ ಒಂದೇ ಎಳೆತ. ಅಂಥ ಗೆರೆಯನ್ನು ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹಿಡಿದರೆ ಗಂಟು ಬೀಳುತ್ತದೆ. ಅವಸರದಲ್ಲಿ, ಎಣ್ಣೆಬಣ್ಣ ಒಳಗೆ ಒಣಗುವ ಮೊದಲೇ ವಾರ್ನಿಷ್ ಬಳಿದಿದ್ದರೆ ಮೇಲ್ಪದರ ಬಿಗಿದು ಬಿರುಕು ಬಿಡುತ್ತದೆ.

ಕಾಲ ತಿಳಿಯಬೇಕಾದರೆ ಬಾವುಟ ನೋಡಿ. ಆಲ್ಟೋನಾ ಹ್ಯಾಂಬರ್ಗಿನ ಮಗ್ಗುಲಲ್ಲೇ ಇದ್ದರೂ 1864ರವರೆಗೆ ಡೆನ್ಮಾರ್ಕ್ ದೊರೆಯ ಆಳ್ವಿಕೆಯ ಊರು. ಅಲ್ಲಿಯ ಹಡಗಿನ ಮೇಲೆ ಕೆಂಪಿನ ಮೇಲಿನ ಬಿಳಿ ಶಿಲುಬೆ. ಪಕ್ಕದ ಹ್ಯಾಂಬರ್ಗಿನದು ಕೆಂಪಿನ ಮೇಲೆ ಬಿಳಿ ಕೋಟೆ. ಬ್ರೆಮೆನ್ನಿನದು ಕೆಂಪು ಬಿಳಿ ಪಟ್ಟೆ, ನಾವಿಕರ ಬಾಯಲ್ಲಿ ಅದು 'ಹಂದಿಕೊಬ್ಬಿನ ಬಾವುಟ'. ಪ್ರಷ್ಯಾದ್ದು ಕರಿ ಹದ್ದು. ಓಲ್ಡೆನ್‌ಬರ್ಗಿನದು ನೀಲಿಯ ಮೇಲೆ ಕೆಂಪು ಶಿಲುಬೆ. 1868ರ ಏಪ್ರಿಲ್ 1ರಿಂದ ಇವೆಲ್ಲಕ್ಕೂ ರಜೆ, ಉತ್ತರ ಜರ್ಮನ್ ಒಕ್ಕೂಟದ ಕಪ್ಪು-ಬಿಳಿ-ಕೆಂಪು ಒಂದೇ. ಚಿತ್ರದಲ್ಲಿ ಕಪ್ಪು-ಬಿಳಿ-ಕೆಂಪು ಹಾರುತ್ತಿದ್ದು ಕೆಳಗೆ 1860 ಅಂತ ಬರೆದಿದ್ದರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆ ಅನ್ನಿ. (ನಮ್ಮ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಇದೇ ಉತ್ತರ ಸಮುದ್ರದ ಅಂಚಿನ ಈಸ್ಟ್ ಫ್ರೀಸ್‌ಲ್ಯಾಂಡಿನಲ್ಲಿ. ಆಗ ಅದು ಹ್ಯಾನೋವರ್ ರಾಜ್ಯ, ಅದರ ಬಾವುಟವೂ ಬೇರೆಯೇ.)

ಸಂಕೇತದ ಬಾವುಟಗಳೂ ಸಾಕ್ಷಿ. 1857ರ ವ್ಯಾಪಾರಿ ಸಂಕೇತ ಪದ್ಧತಿಯಲ್ಲಿ ಸ್ವರಗಳನ್ನು ಬಿಟ್ಟು ಅಕ್ಷರಕ್ಕೊಂದರಂತೆ 18 ಬಾವುಟ, ಹಡಗಿನ ಗುರುತಿಗೆ ನಾಲ್ಕು. ಜರ್ಮನ್ ಹಡಗುಗಳಲ್ಲಿ ಮೊದಲ ಅಕ್ಷರ ಆರ್ ಆದರೆ ಹ್ಯಾಂಬರ್ಗ್, ಕ್ಯೂ ಆದರೆ ಬ್ರೆಮೆನ್. ಅಡಿಬರಹ ಕತ್ತರಿಸಿಹೋದ ಚಿತ್ರಕ್ಕೂ ಈ ನಾಲ್ಕು ಬಾವುಟ ಓದಿ ಹೆಸರು ಹುಡುಕಬಹುದು. ಅಡಿಬರಹ ಕತ್ತರಿಸಿಹೋಗುವುದು ಬಹುಪಾಲು ಚೌಕಟ್ಟಿನವನ ಕೃಪೆ, ಸಿದ್ಧ ಅಳತೆಗೆ ಹೊಂದಿಸಲು ಮೊದಲು ಬಲಿಯಾಗುವುದೇ ಹಡಗು, ಕಪ್ತಾನ, ವರ್ಷ ಬರೆದ ಆ ಪಟ್ಟಿ.

ಹಾಯಿಯೂ ಸುಳ್ಳು ಹೇಳುವುದಿಲ್ಲ. ಕೆಳಗಿನ ದೊಡ್ಡ ಹಾಯಿಯ ಮೇಲೆ ಬರುವ ಟಾಪ್‌ಸೇಲ್ ಮೊದಲು ಒಂದೇ ಅಗಲ ಹಾಯಿ. ಗಾಳಿ ಜೋರಾದಾಗ ಅದನ್ನು ಮಡಿಸಲು ತುಂಬ ಕೈ ಬೇಕು. 1850ರ ದಶಕದಿಂದೀಚೆಗೆ ಅದನ್ನು ಮೇಲೊಂದು ಕೆಳಗೊಂದು ಎಂದು ಸೀಳಿದರು, ಕಡಿಮೆ ಆಳುಗಳಲ್ಲೇ ಕೆಲಸ ಸಾಗಿತು. ಮೂರು ಕಂಬದ ಹಡಗಿನಲ್ಲಿ ಹಿಂದಿನ ಕಂಬಕ್ಕೆ ಅಡ್ಡಮರವಿಲ್ಲದಿದ್ದರೆ ಅದು ಬಾರ್ಕ್. ಇನ್ನು ಗಾಳಿ. ಹಿಂದಿನಿಂದ ಬೀಸುವ ಗಾಳಿಗೆ ಹಾಯಿ ಉಬ್ಬಿದ್ದರೆ ಬಾವುಟವೂ ಮುಂದಕ್ಕೇ ಹಾರಬೇಕು. ಓಡುವ ಹಡಗಿನ ಬಾವುಟ ಹಿಂದಕ್ಕೆ ಹಾರುತ್ತದೆ ಅನ್ನುವುದು ಮೋಟಾರ್ ಕಾರು ನೋಡಿ ಕಲಿತ ಬುದ್ಧಿ, ಇತ್ತೀಚಿನ ನಕಲುಗಳು ಸಿಕ್ಕಿಬೀಳುವುದು ಇಲ್ಲೇ.

ಚಿತ್ರಕಾರನಿಗೆ ಸ್ವಾತಂತ್ರ್ಯವಿದ್ದದ್ದು ಹಿನ್ನೆಲೆಯಲ್ಲಿ. ಡೋವರಿನ ಬಿಳಿ ಬಂಡೆ, ಹೆಲಿಗೋಲ್ಯಾಂಡಿನ ಕೆಂಪು ಬಂಡೆ, ಎಲ್ಬೆ ನದೀಮುಖದ ದೀಪಸ್ತಂಭ. ಅವುಗಳನ್ನು ಸುಮ್ಮನೆ ಗುರುತು ಅಂತ ನೋಡಬೇಕು, ದಾಖಲೆ ಅಂತಲ್ಲ. ವೇಸರ್ ನದೀಮುಖದ ರೋಟರ್ ಸಾಂಡ್ ದೀಪಸ್ತಂಭ ಮಾತ್ರ ಕೆಲಸಕ್ಕೆ ಬರುತ್ತದೆ. ಅದು ಬೆಳಗಿದ್ದೇ 1885ರಲ್ಲಿ.

ಈ ಚಿತ್ರಗಳಿಗೆ ದೊಡ್ಡ ಶತ್ರು ಅತಿಯಾಗಿ ತೊಳೆಯುವವರು. ಒಲೆಯ ಹೊಗೆಗೆ ವಾರ್ನಿಷ್ ಹಳದಿಗಟ್ಟಿ ನೀಲಿ ಆಕಾಶ ಹಸಿರಾಗುತ್ತದೆ, ಓಲ್ಡೆನ್‌ಬರ್ಗಿನ ಬಾವುಟವೂ ಹಸಿರು ಕಾಣುತ್ತದೆ. ಸರಿ, ತೆಗೆಯಲೇಬೇಕು. ಆದರೆ ಹಗ್ಗದ ಗೆರೆಗಳು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ತೆಳ್ಳಗಿನ ಪದರ. ದ್ರಾವಕ ಸ್ವಲ್ಪ ಜೋರಾದರೆ ಹತ್ತಿಯ ಜೊತೆ ಮೊದಲು ಎದ್ದುಬರುವುದು ಅವೇ. ಆಕಾಶ ಲಕಲಕ ಹೊಳೆಯುತ್ತದೆ, ಕಂಬಗಳು ಮಾತ್ರ ಆಧಾರವಿಲ್ಲದೆ ನಿಂತಿರುತ್ತವೆ. ಅಂಥ ಚಿತ್ರದ ಮುಂದೆ ನಿಂತು 'ಎಷ್ಟು ಸ್ವಚ್ಛವಾಗಿದೆ' ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. ಆ ಹಡಗಿನ ಕಂಬಗಳು ಮೊದಲ ಬಿರುಗಾಳಿಗೇ ನೀರಿಗೆ ಬೀಳುತ್ತವೆ.